ಔಷಧಿ ಮಾಹಿತಿ: ಮೊಬೈಲ್‌ನಲ್ಲಿ ಸಿಗುವುದೆಷ್ಟು, ಸಿಗದಿರುವುದೆಷ್ಟು?

ಹಸುವಿಗೆ ಕೆಚ್ಚಲು ಬಾವು ಬಂದಾಗ ಪಶುವೈದ್ಯರು ಚೀಟಿ ಬರೆದು ಕೊಡುತ್ತಾರೆ. 'ಇದು ಯಾವ ಔಷಧಿ, ಮೊಬೈಲ್‌ನಲ್ಲಿ ನೋಡು' ಎಂದು ಮಕ್ಕಳಿಗೆ ಹೇಳುವುದು ಈಗ ಸಾಮಾನ್ಯ. ಹುಡುಕಿದರೆ ಹೆಚ್ಚಾಗಿ ಸಿಗುವುದು ವಿಕಿಪೀಡಿಯ. 2001ರಲ್ಲಿ ಆರಂಭವಾದ ಈ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಅದನ್ನು ಎಷ್ಟು ನಂಬಬಹುದು?

ಅಮೆರಿಕದ ಸಂಶೋಧಕರು ಮನುಷ್ಯರ ಔಷಧಿಗಳ ಬಗ್ಗೆ 80 ಪ್ರಶ್ನೆಗಳನ್ನಿಟ್ಟುಕೊಂಡು ವಿಕಿಪೀಡಿಯವನ್ನು ಪರೀಕ್ಷಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ತಪ್ಪು ಮಾಹಿತಿ ಕಂಡುಬರಲಿಲ್ಲ. ಆದರೆ ಉತ್ತರ ಸಿಕ್ಕಿದ್ದು ಶೇ. 40ರಷ್ಟು ಪ್ರಶ್ನೆಗಳಿಗೆ ಮಾತ್ರ. ಔಷಧಿಯನ್ನು ಎಷ್ಟು ಪ್ರಮಾಣದಲ್ಲಿ ಕೊಡಬೇಕು ಎಂಬ ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ತಾನು ವೈದ್ಯಕೀಯ ಸಲಹೆ ಕೊಡುವುದಿಲ್ಲವೆಂದು ವಿಕಿಪೀಡಿಯವೇ ಹೇಳುತ್ತದೆ.

ಅಂದರೆ, ಅಲ್ಲಿ ಬರೆದಿರುವುದು ಸರಿ ಇದ್ದರೂ ನಮಗೆ ಬೇಕಾದದ್ದು ಇರುತ್ತದೆ ಎನ್ನುವಂತಿಲ್ಲ. ಆ್ಯಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ಎಷ್ಟು ದಿನ ಡೇರಿಗೆ ಹಾಕಬಾರದು ಎಂಬುದು ಔಷಧಿಯಿಂದ ಔಷಧಿಗೆ ಬೇರೆ. ಅದನ್ನು ತಿಳಿಯದೆ ಹಾಕಿದರೆ ಔಷಧಿಯ ಅಂಶ ಹಾಲಿನಲ್ಲಿ ಉಳಿಯುತ್ತದೆ. ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದು. ಕುಡಿಯುವವರಿಗೂ ಒಳ್ಳೆಯದಲ್ಲ. ಒಬ್ಬರ ಹಾಲು ಎಲ್ಲರ ಹಾಲಿನ ಜೊತೆ ಸೇರುವುದರಿಂದ ಇದು ಇಡೀ ಸಂಘದ ವಿಷಯ.

ಇನ್ನೊಂದು ಉದಾಹರಣೆ ಡೈಕ್ಲೋಫೆನಾಕ್. ಮನುಷ್ಯರ ನೋವಿಗೆ ಇದು ಬಹಳ ಬಳಕೆಯಲ್ಲಿದೆ. 'ನೋವು, ಊತಕ್ಕೆ' ಎಂಬ ಸಾಲನ್ನಷ್ಟೇ ಓದಿದವರು ಹಸುವಿಗೂ ಆಗುತ್ತದೆ ಎಂದುಕೊಳ್ಳಬಹುದು. ಆದರೆ ಈ ಔಷಧಿ ಕೊಟ್ಟ ರಾಸು ಸತ್ತರೆ, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಅದಕ್ಕಾಗಿಯೇ ಭಾರತ 2006ರಲ್ಲಿ ಜಾನುವಾರುಗಳಿಗೆ ಇದನ್ನು ನಿಷೇಧಿಸಿತು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗಾಗಿಯೇ ಒಂದು ವನ್ಯಧಾಮವಿದೆ.

ಮೊಬೈಲ್‌ನಲ್ಲಿ ಓದುವುದು ಬೇಡವೆಂದಲ್ಲ. ಔಷಧಿ ಯಾವ ಜಾತಿಯದು, ಯಾವುದಕ್ಕೆ ಬಳಸುತ್ತಾರೆ ಎಂದು ತಿಳಿಯಲು ಓದಿ. ಅದನ್ನು ನೋಡಿ ಔಷಧಿ ಕೊಡಬೇಡಿ, ನಿಲ್ಲಿಸಲೂಬೇಡಿ. ಪಶುವೈದ್ಯರು ಬಂದಾಗ ಈ ಮೂರು ಪ್ರಶ್ನೆ ಕೇಳಿ:

• ಎಷ್ಟು ಪ್ರಮಾಣ, ಎಷ್ಟು ದಿನ?
• ಗಬ್ಬದ ರಾಸಿಗೆ ಕೊಡಬಹುದೇ?
• ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು?

ಉತ್ತರವನ್ನು ದಿನಾಂಕದ ಸಮೇತ ಕೊಟ್ಟಿಗೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಹಾಲು ಕರೆಯುವವರು ಯಾರೇ ಆಗಿರಲಿ, ಅದು ಅವರ ಕಣ್ಣಿಗೆ ಬೀಳುವಂತಿರಲಿ.