ಮೂಗಿನ ಹಿಂದಿನ ಮೂಳೆ, ಮಿದುಳಿನ ಬುಡಕ್ಕೆ ದಾರಿ

ಎದುರಿಗಿರುವುದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಬಾಗಿಲು ದಾಟುವಾಗ ಭುಜ ಚೌಕಟ್ಟಿಗೆ ತಗಲುತ್ತದೆ, ಪಕ್ಕದಿಂದ ಬರುವ ವಾಹನ ಗಮನಕ್ಕೇ ಬರುವುದಿಲ್ಲ. ಕನ್ನಡಕ ಬದಲಿಸಿದರೂ ಸರಿಹೋಗದ ಇಂಥ ತೊಂದರೆಯ ಮೂಲ ಕೆಲವೊಮ್ಮೆ ಕಣ್ಣಿನಲ್ಲಿರದೆ, ತಲೆಬುರುಡೆಯ ಬುಡದಲ್ಲಿರುವ ಸ್ಫೀನಾಯ್ಡ್ ಮೂಳೆಯ ಒಂದು ಗುಳಿಯಲ್ಲಿರುತ್ತದೆ.

ಗ್ರೀಕ್ ಮೂಲದ ಈ ಹೆಸರಿಗೆ ಬೆಣೆಯಾಕಾರದ್ದು ಎಂದು ಅರ್ಥ. ಬಿಡಿಯಾಗಿ ನೋಡಿದರೆ ಮಾತ್ರ ಅದು ರೆಕ್ಕೆ ಬಿಚ್ಚಿದ ಬಾವಲಿಯನ್ನೇ ಹೋಲುತ್ತದೆ. ಮಿದುಳನ್ನು ಆವರಿಸಿರುವ 8 ಮೂಳೆಗಳ ಪೈಕಿ ಉಳಿದ ಏಳಕ್ಕೂ ಕೂಡಿಕೊಂಡಿರುವುದು ಇದೊಂದೇ. ಇದರ ನಡುಭಾಗ ಟೊಳ್ಳು. ಅದೇ ಸ್ಫೀನಾಯ್ಡ್ ಸೈನಸ್. ಅದರ ಮೇಲ್ಛಾವಣಿಯಲ್ಲಿ ಕುದುರೆಯ ಜೀನಿನಂಥ ತಗ್ಗಿದ್ದು, ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಅಲ್ಲಿ ಕುಳಿತಿದೆ. ಗ್ರಂಥಿಯಲ್ಲಿ ಗಡ್ಡೆ ಬೆಳೆದು ಮೇಲಕ್ಕೆ ಚಾಚಿದಾಗ, ಮೇಲೆ ಕತ್ತರಿಯಂತೆ ಹಾಯುವ ದೃಷ್ಟಿ ನರಗಳನ್ನು ಒತ್ತುತ್ತದೆ. ಮೊದಲು ಮಸುಕಾಗುವುದು ಎರಡೂ ಪಕ್ಕದ ನೋಟ.

ಗಡ್ಡೆಯನ್ನು ತಲುಪಲು ತಲೆಬುರುಡೆ ತೆರೆದು ಮಿದುಳನ್ನು ಸರಿಸುವುದೊಂದು ಮಾರ್ಗ. ಮೂಗಿನ ಮೂಲಕ ಸೈನಸ್ ಪ್ರವೇಶಿಸಿ ಕೆಳಗಿನಿಂದ ತಲುಪುವುದು ಇನ್ನೊಂದು. ಈ ಎರಡನೆಯದನ್ನು 1907ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹರ್ಮನ್ ಶ್ಲೋಫರ್ ಮೊದಲಿಗೆ ಕೈಗೊಂಡರು. ಅಮೆರಿಕದ ಹಾರ್ವೆ ಕುಶಿಂಗ್ ಅದನ್ನು ಬೆಳೆಸಿ, ಕೊನೆಗೆ ತಾವೇ ಕೈಬಿಟ್ಟರು. ಅಂಥ ದಿಗ್ಗಜರೇ ಬಿಟ್ಟ ಮೇಲೆ ಉಳಿದವರೂ ಬಿಟ್ಟರು. ಆದರೆ ಕುಶಿಂಗ್‌ರಿಂದ ಕಲಿತಿದ್ದ ಎಡಿನ್‌ಬರೋದ ನಾರ್ಮನ್ ಡಾಟ್ ಬಿಡಲಿಲ್ಲ. ಡಾಟ್‌ರಿಂದ ಪ್ಯಾರಿಸ್ಸಿನ ಜೆರಾರ್ ಗಿಯೋ, ಗಿಯೋರಿಂದ ಮಾಂಟ್ರಿಯಲ್‌ನ ಜೂಲ್ ಹಾರ್ಡಿ ಕಲಿತರು. 1960ರ ದಶಕದಲ್ಲಿ ಹಾರ್ಡಿ ಸೂಕ್ಷ್ಮದರ್ಶಕ ಬಳಸಿದ ನಂತರ ಈ ಮಾರ್ಗಕ್ಕೆ ಮರುಜೀವ ಬಂತು. 1990ರ ದಶಕದಲ್ಲಿ ಎಂಡೋಸ್ಕೋಪ್ ಜೊತೆಗೂಡಿತು.

ದಾರಿ ಹತ್ತಿರದ್ದಾದರೂ ನಿರಪಾಯಕಾರಿಯಲ್ಲ. ಸೈನಸ್‌ನ ಎರಡೂ ಪಕ್ಕದ ಗೋಡೆಗೆ ತಾಗಿಯೇ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿಗಳು ಸಾಗುತ್ತವೆ. ಅವುಗಳ ಮೇಲಿನ ಮೂಳೆಯ ಹೊದಿಕೆ ಬಹಳ ತೆಳು. ಕೆಲವರಲ್ಲಿ ಅಲ್ಲಲ್ಲಿ ಇರುವುದೇ ಇಲ್ಲ. ಸೈನಸ್‌ನ ಒಳಗಿನ ಅಡ್ಡಗೋಡೆಯೂ ನಟ್ಟನಡುವೆ ಇರಬೇಕೆಂದಿಲ್ಲ, ಹಲವರಲ್ಲಿ ವಾಲಿಕೊಂಡು ಅಪಧಮನಿಯ ಮೇಲಿನ ಮೂಳೆಗೇ ಅಂಟಿರುತ್ತದೆ. ಅದನ್ನು ತಿರುಚಿ ಕಿತ್ತರೆ ಪ್ರಾಣಾಪಾಯ. ಶಸ್ತ್ರಕ್ರಿಯೆಗೆ ಮುನ್ನ ಎಂಆರ್‌ಐ ಇದ್ದರೂ ಸಿ.ಟಿ. ಸ್ಕ್ಯಾನ್ ಮಾಡಿಸಲು ವೈದ್ಯರು ಹೇಳುವುದು ಈ ಮೂಳೆಯ ವಿವರಕ್ಕಾಗಿಯೇ. ಅದು ಅನಗತ್ಯ ಖರ್ಚಲ್ಲ. ಚಿಕ್ಕ ಮಕ್ಕಳಲ್ಲಿ ಸೈನಸ್ ಇನ್ನೂ ಟೊಳ್ಳಾಗಿರುವುದಿಲ್ಲವಾದ್ದರಿಂದ ಮೂಳೆಯನ್ನು ಕೊರೆದೇ ಸಾಗಬೇಕಾಗುತ್ತದೆ.

ಕೆಲಸ ಮುಗಿದ ಮೇಲೆ, ಅಗತ್ಯವಿದ್ದಲ್ಲಿ, ತೊಡೆಯ ಕೊಬ್ಬು ಅಥವಾ ಮೂಗಿನೊಳಗಿನ ಪೊರೆಯಿಂದ ರಂಧ್ರ ಮುಚ್ಚಲಾಗುತ್ತದೆ. ಮನೆಗೆ ಮರಳಿದ ರೋಗಿ ಕೆಲವು ವಾರ ಮೂಗು ಸೀಟಬಾರದು. ಬಗ್ಗಿದಾಗ ಮೂಗಿನಿಂದ ನೀರಿನಂಥ ದ್ರವ ತೊಟ್ಟಿಕ್ಕಿದರೆ ಅದನ್ನು ನೆಗಡಿಯೆಂದು ಕಡೆಗಣಿಸದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಅದು ಮಿದುಳನ್ನು ಸುತ್ತುವರಿದ ದ್ರವದ ಸೋರಿಕೆಯಾಗಿದ್ದಲ್ಲಿ, ಅದೇ ದಾರಿಯಲ್ಲಿ ಸೋಂಕು ಒಳನುಗ್ಗಿ ಮಿದುಳುಪೊರೆಯ ಉರಿಯೂತ ಉಂಟಾಗಬಹುದು.