ಯುದ್ಧಕಾಲದ ಸ್ಕೀ ನೆಗೆತ: 1941ರ ಕೊರ್ಟಿನಾ ಸ್ಪರ್ಧೆಯ ರದ್ದತಿಯ ವಿಚಾರ

ಪಣಂಬೂರಿನ ಕಡಲತೀರದಲ್ಲಿ ಗಾಳಿಪಟ ಹಾರಿಸಿದವರಿಗೆಲ್ಲ ಒಂದು ಸಂಗತಿ ಅನುಭವದಿಂದಲೇ ತಿಳಿದಿರುತ್ತದೆ. ಎದುರುಗಾಳಿಗೆ ಒಡ್ಡಿದ ಪಟ ಮೇಲೇರುತ್ತದೆ. ಗಾಳಿಯನ್ನು ತಕ್ಕ ಓರೆಯಲ್ಲಿ ಎದುರಿಸದ ಪಟ ಕುಸಿಯುತ್ತದೆ. ಹಿಮವನ್ನೇ ಕಾಣದ ಕರಾವಳಿಯ ವಿದ್ಯಾರ್ಥಿಗೆ ಸ್ಕೀ ನೆಗೆತವೆಂಬ ಕ್ರೀಡೆಯ ತತ್ತ್ವವನ್ನು ತಿಳಿಸಲು ಈ ಅನುಭವವೇ ಸಾಕಾದ ಆಧಾರ. ಆದರೆ ಪ್ರಸ್ತುತ ಲೇಖನದ ಉದ್ದೇಶ ಆ ಕ್ರೀಡೆಯ ಪರಿಚಯದಿಂದಲೇ ಮುಗಿಯುವಂಥದಲ್ಲ. ಎರಡನೆಯ ಮಹಾಯುದ್ಧದ ನಡುವೆ, 1941ರ ಫೆಬ್ರವರಿಯಲ್ಲಿ, ಇಟಲಿಯ ಕೊರ್ಟಿನಾ ದಾಂಪೆಝೊ ಎಂಬಲ್ಲಿ ಜರುಗಿದ ವಿಶ್ವ ಸ್ಪರ್ಧೆಯು 1946ರಲ್ಲಿ ರದ್ದಾಯಿತು. ನಡೆದುಹೋದ ಸ್ಪರ್ಧೆಯೊಂದನ್ನು ಹೀಗೆ ಹಿಂದಿನಿಂದ ಅಳಿಸಿಹಾಕುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಬೇಕಾಗಿದೆ.

ಮೊದಲು ಆಟದ ಸ್ವರೂಪವನ್ನು ನೋಡೋಣ. ಸ್ಪರ್ಧಾಳುವು ಎರಡು ಉದ್ದನೆಯ ಹಲಗೆಗಳನ್ನು ಕಾಲಿಗೆ ಬಿಗಿದುಕೊಂಡು ಎತ್ತರದ ಇಳಿಜಾರಿನಿಂದ ಜಾರಿ ಬಂದು, ಕಟ್ಟೆಯ ಅಂಚಿನಲ್ಲಿ ಕಾಲನ್ನು ಒತ್ತಿ ನೆಗೆಯುತ್ತಾನೆ. ಅವನು ಆಕಾಶಕ್ಕೆ ಚಿಮ್ಮಿದನೆಂದು ನೋಡುವವರಿಗೆ ತೋರುವುದಾದರೂ, ವಸ್ತುತಃ ಆ ಕಟ್ಟೆಯೂ ತುಸು ಕೆಳಮುಖವಾಗಿಯೇ ಇರುತ್ತದೆ. ಕೆಳಗಣ ಗುಡ್ಡದ ಮೈಯನ್ನು ಹಾರಾಟದ ದಾರಿಗೆ ಅನುಸಾರವಾಗಿ ರೂಪಿಸಿರುವುದರಿಂದ ಅವನು ನೆಲದಿಂದ ಕೆಲವೇ ಮೀಟರುಗಳ ಅಂತರದಲ್ಲಿ ಸಾಗುತ್ತಾನೆ. ಇಳಿಯುವ ಸ್ಥಳವು ಕಡಿದಾಗಿರುವುದರಿಂದ ಪಾದಗಳು ನೆಲಕ್ಕೆ ಅಪ್ಪಳಿಸದೆ, ಅದನ್ನು ಸವರಿಕೊಂಡು ಇಳಿಯುತ್ತವೆ. ನೂರು ಮೀಟರು ಹಾರಿದವನು ಕಾಲು ಮುರಿದುಕೊಳ್ಳದೆ ಏಳುವುದಕ್ಕೆ ಇದೇ ಕಾರಣ. ಇಳಿಜಾರು ಸಮತಟ್ಟಾಗತೊಡಗುವ ಎಡೆಯನ್ನು ದಾಟಿ ಇಳಿದವನಿಗೆ ಮಾತ್ರ ಅಪಾಯ ತಪ್ಪಿದ್ದಲ್ಲ. ಹಾರಾಟದಲ್ಲಿ ಮುಂದಕ್ಕೆ ಬಾಗಿದ ದೇಹವೂ ಹಲಗೆಗಳೂ ಕೂಡಿ ಗಾಳಿಪಟದಂತೆ ವರ್ತಿಸುತ್ತವೆ. ಎದುರುಗಾಳಿ ನೆಗೆತವನ್ನು ಹಿಗ್ಗಿಸುತ್ತದೆ, ಹಿಂಗಾಳಿ ಕುಗ್ಗಿಸುತ್ತದೆ. ನೆಗೆತದ ಉದ್ದಕ್ಕೆ ಕೆಲವು ಅಂಕಗಳು, ಹಾರಾಟದ ಹಾಗೂ ಇಳಿತದ ಅಂದಕ್ಕೆ ತೀರ್ಪುಗಾರರು ನೀಡುವ ಕೆಲವು ಅಂಕಗಳು, ಇವೆರಡರ ಮೊತ್ತದಿಂದ ಆ ಕಾಲದಲ್ಲಿ ಗೆಲವು ನಿರ್ಣಯವಾಗುತ್ತಿತ್ತು.

ಇನ್ನು ಇತಿಹಾಸ. 1924ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸ್ಕೀ ಸಂಘವು ಯುದ್ಧಕ್ಕೆ ಮುನ್ನ ತನ್ನ ವಿಶ್ವ ಸ್ಪರ್ಧೆಯನ್ನು 1939ರ ಫೆಬ್ರವರಿಯಲ್ಲಿ ಪೋಲೆಂಡಿನ ಜಕೊಪಾನೆಯಲ್ಲಿ ನಡೆಸಿತು. ನೆಗೆತದಲ್ಲಿ ಗೆದ್ದವರು ಸೆಪ್ ಬ್ರಾಡ್ಲ್. ಅವರು ಆಸ್ಟ್ರಿಯದವರು, ಆದರೆ ಹಿಂದಿನ ವರ್ಷವಷ್ಟೇ ಜರ್ಮನಿಯು ಆಸ್ಟ್ರಿಯವನ್ನು ನುಂಗಿದ್ದುದರಿಂದ ಜರ್ಮನಿಯ ಹೆಸರಿನಲ್ಲಿ ಸ್ಪರ್ಧಿಸಿದ್ದರು. ಅದೇ ಸೆಪ್ಟೆಂಬರ್ 1ರಂದು ಆತಿಥ್ಯ ನೀಡಿದ ಪೋಲೆಂಡಿನ ಮೇಲೆಯೇ ಜರ್ಮನಿಯು ದಂಡೆತ್ತಿ ಹೋಯಿತು. 1940ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ಜಪಾನಿನ ಸಪ್ಪೊರೊದಿಂದ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜಿಗೆ, ಅಲ್ಲಿಂದ ಜರ್ಮನಿಯ ಗಾರ್ಮಿಶ್ ಪಾರ್ಟೆನ್‌ಕಿರ್ಶನ್ನಿಗೆ ವರ್ಗವಾಗಿ ಕೊನೆಗೆ ನಡೆಯಲೇ ಇಲ್ಲ. ಹೀಗಿದ್ದರೂ 1941ರ ಕೊರ್ಟಿನಾ ಸ್ಪರ್ಧೆ ಮಾತ್ರ ಜರುಗಿತು. ಜರ್ಮನಿ, ಇಟಲಿ, ಅವುಗಳೊಡನೆ ನಂಟುಳ್ಳ ದೇಶಗಳು ಹಾಗೂ ಕೆಲವು ತಟಸ್ಥ ದೇಶಗಳು ಅದರಲ್ಲಿ ಭಾಗವಹಿಸಿದವು. ನೆಗೆತದಲ್ಲಿ ಫಿನ್ಲೆಂಡಿನ ಪಾವೋ ವಿಯೆರ್ತೊ ಮೊದಲಿಗರಾದರು. ಅದೇ ದೇಶದ ಲಿಯೊ ಲಾಕ್ಸೊ ಎರಡನೆಯವರಾಗಿಯೂ, ಸ್ವೀಡನ್ನಿನ ಸ್ವೆನ್ ಎರಿಕ್ಸನ್ ಮೂರನೆಯವರಾಗಿಯೂ ಬಂದರು.

ಅಲ್ಲಿ ಯಾರು ಇದ್ದರೆಂಬುದಕ್ಕಿಂತ ಯಾರು ಇರಲಿಲ್ಲವೆಂಬುದನ್ನು ಗಮನಿಸಬೇಕು. 1932 ಮತ್ತು 1936ರ ಒಲಿಂಪಿಕ್ ಕ್ರೀಡೆಗಳೆರಡರಲ್ಲಿಯೂ ಚಿನ್ನ ಗೆದ್ದ ನಾರ್ವೆಯ ಬಿರ್ಗರ್ ರೂಡ್ ಇರಲಿಲ್ಲ. 1940ರ ಏಪ್ರಿಲ್ 9ರಂದು ನಾರ್ವೆಯು ಆಕ್ರಮಣಕ್ಕೆ ಒಳಗಾದ ಮೇಲೆ, ನಾಜಿಗಳ ಅಂಕೆಯಲ್ಲಿದ್ದ ಕ್ರೀಡಾವ್ಯವಸ್ಥೆಯಲ್ಲಿ ಸ್ಪರ್ಧಿಸುವುದಿಲ್ಲವೆಂದು ಆ ದೇಶದ ಕ್ರೀಡಾಪಟುಗಳು ಮುಷ್ಕರ ಹೂಡಿದ್ದರು. ರೂಡ್ ಅವರು ಮುಂದೆ ಗ್ರಿನಿ ಎಂಬ ಬಂದಿಶಿಬಿರದ ವಾಸವನ್ನೂ ಅನುಭವಿಸಬೇಕಾಯಿತು. 1938ರ ವಿಶ್ವ ಸ್ಪರ್ಧೆಯಲ್ಲಿ ಬೆಳ್ಳಿ ಪಡೆದಿದ್ದ ಪೋಲೆಂಡಿನ ಸ್ತಾನಿಸ್ವಾಫ್ ಮರುಸಾಷ್, ಗುಪ್ತ ಪ್ರತಿರೋಧದ ಕಾರ್ಯದಲ್ಲಿ ಸೆರೆಸಿಕ್ಕಿ, 1940ರಲ್ಲಿ ಕ್ರಾಕುವ್ ನಗರದ ಸೆರೆಮನೆಯಿಂದ ತಪ್ಪಿಸಿಕೊಂಡಿದ್ದರು. ಮೂರು ಒಲಿಂಪಿಕ್ ಕ್ರೀಡೆಗಳಲ್ಲಿ ಸ್ಪರ್ಧಿಸಿದ್ದ ಅವರ ದೇಶಬಾಂಧವ ಬ್ರೊನಿಸ್ವಾಫ್ ಚೆಕ್ ಆ ವೇಳೆಗೆ ಔಷ್ವಿಟ್ಸ್ ಶಿಬಿರದಲ್ಲಿದ್ದರು. 1944ರಲ್ಲಿ ಅಲ್ಲಿಯೇ ಮಡಿದರು.

ಯುದ್ಧಾನಂತರ, 1946ರಲ್ಲಿ, ಸ್ಪರ್ಧಾಳುಗಳ ಕೂಟವು ಇಷ್ಟು ಪರಿಮಿತವಾಗಿದ್ದ ಕಾರಣದಿಂದ ಸ್ಕೀ ಸಂಘವು ಕೊರ್ಟಿನಾದ ಫಲಿತಾಂಶಗಳನ್ನು ರದ್ದುಗೊಳಿಸಿತು. ಇದಕ್ಕೆ ಆಕ್ಷೇಪವೊಂದು ಸಹಜವಾಗಿ ಏಳುತ್ತದೆ. ವಿಯೆರ್ತೊ ಅವರು ನಿಯಮ ಮೀರಿದವರಲ್ಲ. ಮೇಲಾಗಿ ಅವರು ಯುದ್ಧದಲ್ಲಿಯೇ ಪ್ರಾಣವನ್ನು ತೆತ್ತರು. ತಮ್ಮ ಪರವಾಗಿ ಒಂದು ಮಾತು ಹೇಳಲೂ ಉಳಿದಿರಲಿಲ್ಲ. ಸತ್ತವನ ಗೆಲವನ್ನು ಕಸಿದುಕೊಂಡಂತಾಗಲಿಲ್ಲವೇ?

ಈ ಆಕ್ಷೇಪಕ್ಕೆ ಉತ್ತರವು ನಮ್ಮ ತುಳುನಾಡಿನ ಕಂಬಳದಲ್ಲಿಯೇ ದೊರೆಯುತ್ತದೆ. ಕಂಬಳದಲ್ಲಿ ಕನೆಹಲಗೆಯೆಂಬ ವಿಭಾಗವುಂಟು. ಹಲಗೆಯ ಮೇಲೆ ನಿಂತವನು ಕೋಣಗಳನ್ನು ಓಡಿಸುವಾಗ ಚಿಮ್ಮುವ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಮುಟ್ಟಿದರೆ ಮುಟ್ಟಿತು, ನೆರೆಯೂರಿನ ಕೋಣಗಳು ಬಂದಿವೆಯೋ ಇಲ್ಲವೋ ಎಂಬುದರಿಂದ ಆ ಎತ್ತರ ಬದಲಾಗದು. ಹಗ್ಗದ ಓಟದ ಮಾತು ಬೇರೆ. ಅಲ್ಲಿ ಮೊದಲಿಗನೆಂದರೆ ಉಳಿದವರಿಗಿಂತ ಮುಂದಿನವನು. ಬಲ್ಲ ಜೋಡಿಗಳನ್ನು ಹಟ್ಟಿಯಲ್ಲಿಯೇ ಕಟ್ಟಿಹಾಕಿ ಓಡಿಸಿದ ಓಟದಲ್ಲಿ ಮೊದಲಿಗನೆಂಬ ಮಾತಿಗೆ ಅರ್ಥವೆಲ್ಲಿಯದು?

ಸ್ಕೀ ನೆಗೆತದಲ್ಲಿ ಈ ಎರಡೂ ಬಗೆಯ ಅಳತೆಗಳು ಬೆರೆತಿವೆ. ಕೊರ್ಟಿನಾ ಸ್ಪರ್ಧೆಯ ಮರುತಿಂಗಳು, 1941ರ ಮಾರ್ಚ್ 2ರಂದು, ಯುಗೊಸ್ಲಾವಿಯದ ಪ್ಲಾನಿತ್ಸಾದಲ್ಲಿ ಜರ್ಮನಿಯ ರೂಡಿ ಗೇರಿಂಗ್ 118 ಮೀಟರು ಹಾರಿದರು. ಆ ಕೂಟಕ್ಕೆ ಹಿಂದಿನ ಅತ್ಯಧಿಕ ಉದ್ದ 1938ರಲ್ಲಿ ಬ್ರಾಡ್ಲ್ ಅವರು ಅಲ್ಲಿಯೇ ಹಾರಿದ 107 ಮೀಟರು. ಐದು ವಾರಗಳ ಬಳಿಕ ಜರ್ಮನಿಯು ಯುಗೊಸ್ಲಾವಿಯದ ಮೇಲೂ ದಾಳಿಯಿಟ್ಟಿತು. ಆದರೂ ಆ 118 ಮೀಟರು ದಾಖಲೆಗಳ ಸಾಲಿನಲ್ಲಿ ಇಂದಿಗೂ ಉಳಿದಿದೆ. 1948ರಲ್ಲಿ ಸ್ವಿಟ್ಜರ್ಲೆಂಡಿನ ಫ್ರಿಟ್ಸ್ ಚಾನ್ನೆನ್ 120 ಮೀಟರು ಹಾರುವವರೆಗೆ ಅದನ್ನು ಯಾರೂ ಮೀರಲಿಲ್ಲ. ಉದ್ದವು ನಿಶಾನೆಯಂತೆ, ಗುಡ್ಡವೇ ಅದಕ್ಕೆ ಸಾಕ್ಷಿ. ವಿಶ್ವವಿಜೇತನೆಂಬ ಬಿರುದಾದರೋ ಹಗ್ಗದ ಓಟದಂತೆ. ಬರಬಹುದಾಗಿದ್ದವರೆಲ್ಲರಿಗೂ ಬಾಗಿಲು ತೆರೆದಿತ್ತೆಂಬುದೇ ಅದಕ್ಕೆ ಸಾಕ್ಷಿ. ಕೊರ್ಟಿನಾದಲ್ಲಿ ಆ ಸಾಕ್ಷಿ ಇರಲಿಲ್ಲ. ಆದುದರಿಂದ 1946ರ ನಿರ್ಣಯವು ವಿಯೆರ್ತೊ ಅವರ ನೆಗೆತವನ್ನು ಹಳಿಯುವುದಿಲ್ಲವೆಂದೂ, ಬಿರುದನ್ನು ಮಾತ್ರ ಹಿಂದಕ್ಕೆ ಪಡೆಯಿತೆಂದೂ ತಿಳಿಯುವುದೇ ಯುಕ್ತ.

ಯುದ್ಧ ಮುಗಿದ ಮೇಲೆ 1948ರ ಸೇಂಟ್ ಮೊರಿಟ್ಜ್ ಒಲಿಂಪಿಕ್ ಕ್ರೀಡೆಗಳಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ, ಬಿರ್ಗರ್ ರೂಡ್ ಮತ್ತೆ ನೆಗೆದು ಬೆಳ್ಳಿಯನ್ನು ಪಡೆದರು. 1956ರಲ್ಲಿ ಒಲಿಂಪಿಕ್ ಕ್ರೀಡೆಗಳು ಕೊರ್ಟಿನಾಕ್ಕೇ ಬಂದಾಗ ಚಿನ್ನವು ಫಿನ್ಲೆಂಡಿನ ಆಂಟಿ ಹ್ಯುವಾರಿನೆನ್ ಅವರ ಪಾಲಾಯಿತು. ಅದುವರೆಗೆ ಒಲಿಂಪಿಕ್ ನೆಗೆತದ ಚಿನ್ನವನ್ನು ನಾರ್ವೆಯವರಲ್ಲದೆ ಬೇರಾರೂ ಗೆದ್ದಿರಲಿಲ್ಲ. ಅಂದು ನಾರ್ವೆಯವರು ಎದುರಿಗಿದ್ದರು. ಅದೇ ಊರಿನಲ್ಲಿ, ಅದೇ ದೇಶದವರಿಗೆ ಹದಿನೈದು ವರ್ಷಗಳ ಹಿಂದೆ ದೊರೆತು ಅಳಿದುಹೋದ ಗೆಲವಿಗೂ ಈ ಗೆಲವಿಗೂ ಇರುವ ಅಂತರ ಇಷ್ಟೇ. ಆದರೆ ಬಿರುದಿನ ಬೆಲೆಯೆಲ್ಲ ಇರುವುದು ಈ ಅಂತರದಲ್ಲಿಯೇ.