ಮನಸ್ಸಿಗೂ ಒಂದು ದಿನಚರಿ



ನಮ್ಮ ಕಡೆ ಒಂದು ಮಾತಿದೆ. ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ, “ಇವನ್ನ ಧಾರವಾಡಕ್ಕ ಕಳಸಬೇಕ ನೋಡ್ರಿ” ಎಂದು ನಗುತ್ತೇವೆ. 1845ರಲ್ಲಿ ಆರಂಭವಾದ ಮಾನಸಿಕ ಆಸ್ಪತ್ರೆ ಧಾರವಾಡದಲ್ಲಿ ಇರುವುದೇ ಇದಕ್ಕೆ ಕಾರಣ. ಹುಬ್ಬಳ್ಳಿ-ಧಾರವಾಡಗಳ ನಡುವೆ ಇರುವ ಅಮರಗೋಳದವರ ಕಣ್ಣೆದುರಿಗೇ ದಿನವಿಡೀ ಬಸ್ಸುಗಳು ಅತ್ತ ಹೋಗುತ್ತವೆ. ತಮಾಷೆಯ ಮಾತೇನೋ ಹೌದು. ಆದರೆ ಅದರಿಂದ ಆಗಿರುವ ಹಾನಿ ಸಣ್ಣದಲ್ಲ. ಮನಸ್ಸಿನ ವಿಷಯವೆಂದರೆ ಆ ಆಸ್ಪತ್ರೆಯ ಗೇಟಿನಿಂದಲೇ ಶುರುವಾಗುತ್ತದೆ ಎಂದು ನಾವು ನಂಬಿಬಿಟ್ಟಿದ್ದೇವೆ. ತಿಂಗಳಿಂದ ನಿದ್ದೆ ಬಾರದ ತಂದೆ, ಒಲೆಯ ಮುಂದೆ ಸುಮ್ಮನೆ ಕಣ್ಣೊರೆಸಿಕೊಳ್ಳುವ ತಾಯಿ, ಪಿಯುಸಿ ಫಲಿತಾಂಶ ಬಂದ ಮೇಲೆ ಕೋಣೆಯಿಂದ ಹೊರಗೆ ಬಾರದ ಮಗ, ಇವರೆಲ್ಲ ಆ ತಮಾಷೆಗೆ ಅಂಜಿ ಬಾಯಿ ಮುಚ್ಚಿಕೊಳ್ಳುತ್ತಾರೆ.

“ಮನಸ್ಸು ಗಟ್ಟಿ ಮಾಡ್ಕೋ” ಎನ್ನುವುದು ಇನ್ನೊಂದು ಮಾತು. ಸಾವಾದ ಮನೆಯಲ್ಲಿ, ಸಾಲವಾದ ಮನೆಯಲ್ಲಿ, ನಪಾಸಾದ ಮಗುವಿನ ಮುಂದೆ ಇದನ್ನೇ ಹೇಳಿ ಎದ್ದು ಬರುತ್ತೇವೆ. ಗಟ್ಟಿ ಮಾಡಿಕೊಳ್ಳುವುದು ಹೇಗೆ ಎಂದು ಮಾತ್ರ ಹೇಳುವುದಿಲ್ಲ.

ಅಮರಗೋಳದ ಎಪಿಎಂಸಿ ಪ್ರಾಂಗಣಕ್ಕೆ ಹೋಗಿ ನೋಡಿ. ಉಳ್ಳಾಗಡ್ಡಿ, ಮೆಣಸಿನಕಾಯಿಯ ಚೀಲ ಹೊರುವ ಹಮಾಲರ ಬೆನ್ನಿಗೆ ಆ ಶಕ್ತಿ ಎಲ್ಲಿಂದ ಬಂತು? ಲಾರಿ ಬಂದು ನಿಂತ ದಿನ ಬಂದದ್ದಲ್ಲ. ದಿನವೂ ಹೊತ್ತು ಹೊತ್ತು ಬಂದದ್ದು. ಇನ್ನೊಂದನ್ನೂ ಗಮನಿಸಿ. ಎಷ್ಟೇ ಅನುಭವಿಯಾಗಿರಲಿ, ತುಂಬಿದ ಚೀಲವನ್ನು ಬೆನ್ನಿಗೇರಿಸಲು ಜೊತೆಗಾರರು ಕೈಕೊಡುತ್ತಾರೆ. ಅದರಲ್ಲಿ ಯಾರಿಗೂ ನಾಚಿಕೆಯಿಲ್ಲ. ಮನಸ್ಸಿನ ಬಲವೂ ಇದೇ ಎರಡು ರೀತಿಯಲ್ಲಿ ಬರುತ್ತದೆ: ದಿನನಿತ್ಯದ ರೂಢಿಯಿಂದ, ಮತ್ತು ಕೈಕೊಡುವ ಇನ್ನೊಬ್ಬರಿಂದ.

ಇದು ಬರಿಯ ಹೋಲಿಕೆಯಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸುತ್ತ ಬಂದರು. ಬಡತನ, ಮನೆಯಲ್ಲಿ ಜಗಳ, ತಂದೆತಾಯಿಯರ ಕಾಯಿಲೆ ಮುಂತಾದ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಪಾಲು ನೆಟ್ಟಗೆ ಬೆಳೆದು ನಿಂತರು. ಅವರಲ್ಲಿ ಎದ್ದು ಕಂಡದ್ದೇನು? ನಂಬಬಹುದಾದ ಒಬ್ಬ ಹಿರಿಯರಾದರೂ ಅವರಿಗಿದ್ದರು. ಅಜ್ಜಿಯೋ, ಶಿಕ್ಷಕರೋ, ನೆರೆಯವರೋ. ಮನೆಯಲ್ಲಿ ಅವರು ಮಾಡಲೇಬೇಕಾದ ಕೆಲಸವೂ ಇರುತ್ತಿತ್ತು. ಮಕ್ಕಳಿಗೆ ಒಂದು ಕೊಡ ನೀರು ತರಲೂ ಹೇಳದ ಇಂದಿನ ತಾಯಂದಿರು ಇದನ್ನು ಯೋಚಿಸಬೇಕು.

ಇನ್ನು ನಮ್ಮ ನೆರೆಯ ಗೋವೆಗೆ ಬರೋಣ. ಅಲ್ಲಿ ‘ಸಂಗಾತ್’ ಎಂಬ ಸಂಸ್ಥೆಯಿದೆ; ಕೊಂಕಣಿ ಬಲ್ಲವರಿಗೆ ಹೆಸರಿನ ಅರ್ಥ ಹೇಳಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆಯ 495 ಮಂದಿಯ ಮೇಲೆ ಅವರು ಒಂದು ಅಧ್ಯಯನ ನಡೆಸಿದರು. ಅದು 2017ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರೊಂದಿಗೆ ಆರೆಂಟು ಸಲ ಕುಳಿತು ಮಾತಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಅವರು ಹೇಳಿಕೊಟ್ಟದ್ದರ ತಿರುಳು ಸರಳ. ‘ಮನಸ್ಸು ಬಂದ ಮೇಲೆ ಮಾಡುತ್ತೇನೆ’ ಎಂದು ಕಾಯಬೇಡಿ. ಮೊದಲು ಮಾಡಿ, ಮನಸ್ಸು ಹಿಂದೆ ಬರುತ್ತದೆ. ಸ್ನಾನ, ನಡಿಗೆ, ಬಿಟ್ಟುಹೋದ ಅಡುಗೆ, ಮರೆತ ಗೆಳತಿಯ ಮನೆ, ಹೀಗೆ ಸಣ್ಣದರಿಂದ ಆರಂಭ. ಮೂರು ತಿಂಗಳಾದ ಮೇಲೆ ಅವರಲ್ಲಿ ನೂರಕ್ಕೆ 64 ಮಂದಿಗೆ ಖಿನ್ನತೆ ಇಳಿದಿತ್ತು. ಈ ನೆರವಿಲ್ಲದೆ ವೈದ್ಯರ ಉಪಚಾರವಷ್ಟೇ ಇದ್ದವರಲ್ಲಿ ಅದು 39.

ಹಾಗಾದರೆ ಮನೆಯಲ್ಲಿ ಎಲ್ಲಿಂದ ಆರಂಭಿಸುವುದು? ನನ್ನನ್ನು ಕೇಳಿದರೆ ಏಳುವ ಹೊತ್ತಿನಿಂದ. ಮಲಗುವ ಹೊತ್ತು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಏಳುವ ಹೊತ್ತು ಇದೆ. ರಾತ್ರಿ ನಿದ್ದೆ ಕೆಟ್ಟರೂ ಅದೇ ಹೊತ್ತಿಗೆ ಎದ್ದು ಬೆಳಗಿನ ಬೆಳಕಿಗೆ ಬಂದರೆ, ಕೆಲವು ದಿನಗಳಲ್ಲಿ ನಿದ್ದೆ ತಾನೇ ದಾರಿಗೆ ಬರುತ್ತದೆ. ಸಂಜೆಯ ಮೇಲೆ ಚಹಾ ಬೇಡ. ಹಾಸಿಗೆಯಲ್ಲಿ ಮೊಬೈಲ್ ಬೇಡ. “ಸ್ವಲ್ಪ ತಗೊಂಡ್ರ ನಿದ್ದಿ ಬರ್ತದ” ಎನ್ನುವ ಗಂಡಸರು ನಮ್ಮಲ್ಲೂ ಇದ್ದಾರೆ. ಮದ್ಯ ಬೇಗ ನಿದ್ದೆ ತರಿಸುತ್ತದೆ ನಿಜ, ಆದರೆ ನಡುರಾತ್ರಿಯ ನಂತರದ ನಿದ್ದೆಯನ್ನು ಕೆಡಿಸುತ್ತದೆ. ಮರುದಿನದ ಕಳವಳಕ್ಕೆ ಅದೂ ಒಂದು ಕಾರಣ. ನಡಿಗೆಯ ವಿಷಯ ಹೆಚ್ಚು ಹೇಳಬೇಕಿಲ್ಲ: ವಾರಕ್ಕೆ 150 ನಿಮಿಷ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ದಿನಕ್ಕೆ ಅರ್ಧ ತಾಸು, ಐದು ದಿನ.

ರೂಢಿ ನಿಲ್ಲುವುದು ಛಲದಿಂದಲ್ಲ, ಹೊತ್ತಿನಿಂದ. ಹಬ್ಬದ ನೊವೇನಾವನ್ನೇ ನೆನೆಯಿರಿ. ಒಂಬತ್ತು ದಿನ ಗಂಟೆ ಬಾರಿಸಿದೊಡನೆ ಕಾಲು ತಾನಾಗಿ ಚರ್ಚಿನತ್ತ ಹೋಗುತ್ತದೆ. ‘ಇಂದು ಮನಸ್ಸಿಲ್ಲ’ ಎನ್ನುವವರು ಕಡಿಮೆ. ಹಾಗೆಯೇ ಹೊಸ ಅಭ್ಯಾಸವನ್ನು ಆಗಲೇ ಇರುವ ಒಂದು ಕೆಲಸಕ್ಕೆ ಕಟ್ಟಿಬಿಡಿ: ಬೆಳಗಿನ ಚಹಾ ಆದ ಮೇಲೆ ನಡಿಗೆ, ಸಂಜೆಯ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಹತ್ತು ನಿಮಿಷ ಮಾತು. ಆ ಮಾತಿನಲ್ಲಿ ಅಂಕದ ವಿಚಾರಣೆ ಬೇಡ. ಆ ದಿನ ಭಾರವೆನಿಸಿದ್ದೇನು ಎಂಬುದಷ್ಟೇ ಸಾಕು. ಆದರೆ ಒಂಬತ್ತು ದಿನ ಸಾಲದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಒಂದು ಅಧ್ಯಯನದಲ್ಲಿ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಕೆಡುವುದಿಲ್ಲ ಎಂಬುದೂ ಅಲ್ಲಿ ತಿಳಿದುಬಂತು. ಒಂದು ದಿನ ತಪ್ಪಿದ್ದಕ್ಕೆ ಎಲ್ಲವನ್ನೂ ಬಿಡುವವರಿಗೆ ಇದು ಸಮಾಧಾನದ ಸುದ್ದಿ.

“ಪ್ರಾರ್ಥನೆ ಕಡಿಮೆಯಾಗಿದ್ದಕ್ಕೇ ನಿನಗೆ ಹೀಗಾಗಿದೆ” ಎಂದು ದುಃಖದಲ್ಲಿರುವವರಿಗೆ ಹೇಳುವವರಿದ್ದಾರೆ. ದಯವಿಟ್ಟು ಹೇಳಬೇಡಿ. ಅರಸರ ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಜಾಲಿಗಿಡದ ಕೆಳಗೆ ಕುಳಿತು ಸಾವನ್ನೇ ಬೇಡುತ್ತಾನೆ. ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ, ಗದರಿಸಲಿಲ್ಲ. ಅವನು ಮಲಗಿದ, ಎಬ್ಬಿಸಿ ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಉಣಿಸಿದ. ಪ್ರಯಾಣದ ಮಾತು ಆಮೇಲೆ.

ಈ ಅಭ್ಯಾಸಗಳಿಗೂ ಒಂದು ಮಿತಿಯಿದೆ. ಬೇಸರ ಎರಡು ವಾರ ಬಿಡದೆ ಕಾಡಿದರೆ, ನಿದ್ದೆ, ಊಟ, ಕೆಲಸ ಕೆಟ್ಟರೆ, “ನಾನು ಇದ್ದೇನು ಉಪಯೋಗ” ಎಂಬ ಮಾತು ಬಂದರೆ ಅದು ಕಾಯಿಲೆ. ಚಿಕಿತ್ಸೆಯಿಂದ ಇಳಿಯುವ ಕಾಯಿಲೆ. ಸಾಯುವ ವಿಚಾರ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ವಿಚಾರ ತಲೆಗೆ ಹೊಕ್ಕೀತು ಎಂಬ ಭಯ ಬೇಡ. ಕೇಳಿದವರಿದ್ದಾರೆ ಎಂಬುದರಿಂದಲೇ ಎಷ್ಟೋ ಜನ ಹಗುರಾಗುತ್ತಾರೆ. ಹಿಂದೆ ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆ ಸಿಗುತ್ತಿರಲಿಲ್ಲ. 1983ರ ಕಾನೂನು ಸಂಹಿತೆ ಆ ನಿಷೇಧವನ್ನು ಕೈಬಿಟ್ಟಿದೆ. ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದು 1992ರ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ಆ ನೋವು ಹೊತ್ತ ಕುಟುಂಬಗಳು ನಮ್ಮ ಪಕ್ಕದ ಬೆಂಚಿನಲ್ಲೇ ಕುಳಿತಿರಬಹುದು.

ನೆರವು ದೂರವಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಕನ್ನಡದಲ್ಲಿಯೂ, ಉಚಿತ. ಧಾರವಾಡದ ಆ ಹಳೆಯ ಆಸ್ಪತ್ರೆ ಈಗ ಡಿಮ್ಹಾನ್ಸ್, ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆ. ಹೊರರೋಗಿಗಳಾಗಿ ತೋರಿಸಿಕೊಂಡು ಅದೇ ದಿನ ಮನೆಗೆ ಮರಳಬಹುದು. ಹೋಗುವಾಗ ಹಳೆಯ ಔಷಧ ಚೀಟಿಗಳಿದ್ದರೆ ತೆಗೆದುಕೊಳ್ಳಿ, ನಿದ್ದೆ ಎಷ್ಟು ದಿನದಿಂದ ಕೆಟ್ಟಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅವರನ್ನು ಒಬ್ಬರೇ ಕಳಿಸಬೇಡಿ. ಅಮರಗೋಳದಿಂದ ಬಸ್ಸಿನಲ್ಲಿ ನೀವೂ ಜೊತೆಗೆ ಹೋಗಿ.